ನಡುವೆ ಹಾಸಿದ ಕಣಿಕೆ

ನಾನು ಕಲಬುರಗಿಯ ಗಾಜಿಪುರದಲ್ಲಿ ಬೆಳೆದವಳು. ಕಮಲಾಪುರಕ್ಕೆ ಸೊಸೆಯಾಗಿ ಬಂದಾಗ ಆಕಳ ಹತ್ತಿರ ಹೋಗಲೂ ಹೆದರುತ್ತಿದ್ದೆ. ಬಾಯಿ ಮಾತ್ರ ಜೋರು. ಮೊಬೈಲ್ ನೋಡಿ ನೋಡಿ ಎರಡೇ ವರ್ಷಕ್ಕೆ ದನದ ಪಂಡಿತೆಯಾಗಿಬಿಟ್ಟೆ. ಬಾವಿ ಪಕ್ಕದ ಹತ್ತು ಗುಂಟೆಗೆ ಕುದುರೆಮಸಾಲೆ ಬಿತ್ತಿಸಿದವಳೂ ನಾನೇ. ಮೆಂತ್ಯದಂತೆ ಮೂರೆಲೆಯ ಮೇವು ಅದು.

"ದನಕ್ಕ ಮೆಂತಿಪಲ್ಯ ಉಣಸ್ತಿಯೇನ ಮಲ್ಲಿಕಾ?" ಎಂದು ಅತ್ತೆ ಅನ್ನಮ್ಮ ನಕ್ಕಿದ್ದರು. ಜೋಳದ ಒಣದಂಟಿನ ಕಣಿಕೆ ಬಿಟ್ಟರೆ ಅವರಿಗೆ ಬೇರೆ ಮೇವೇ ಗೊತ್ತಿಲ್ಲ ಅಂದುಕೊಂಡೆ. ನಮ್ಮ ಆಕಳು ಗಬ್ಬವಾಗಿತ್ತು. ಹಿಂದಿನ ಸಲ ಕರು ಹೊಟ್ಟೆಯಲ್ಲೇ ಸತ್ತಿತ್ತು. ಈ ಸಲ ಉಳಿಯಲೇಬೇಕು ಅನ್ನುವುದು ನನ್ನ ಹಟ.

ಮೇವು ಕೊಯ್ದು ಬಿಸಿಲಿಗೆ ಹರವಿದ ಎರಡನೆಯ ದಿನ ತಮ್ಮ ಮೌನೇಶ ಫೋನು ಮಾಡಿದ. ಅವ್ವನ ಕಣ್ಣಿನ ಆಪರೇಷನ್ ನಾಳೆಯೇ ಅಂತೆ. ಒಣಗಿದಂತೆ ಕಂಡಷ್ಟನ್ನು ಗಡಿಬಿಡಿಯಲ್ಲಿ ಶೆಡ್ಡಿನೊಳಗೆ ಒಟ್ಟಿದೆ. "ಉಳಿದದ್ದು ಒಣಗಿದ ಮ್ಯಾಲ ಇದರ ಮ್ಯಾಲೇ ಒಟ್ರಿ ಅತ್ತಿ" ಎಂದು ಹೇಳಿ ಬಸ್ಸು ಹತ್ತಿದೆ.

ಎಂಟು ದಿನ ಬಿಟ್ಟು ಬಂದವಳು ಚೀಲ ಇಳಿಸಿ ನೇರ ಶೆಡ್ಡಿಗೇ ಹೋದೆ. ಬಣವೆಯ ಬುಡಕ್ಕೆ ಕೈ ಹಾಕಿದರೆ ಬಿಸಿ! ಎಳೆದ ಹಿಡಿಯ ತುಂಬ ಬಿಳಿ ಬೂಸರು. ಮೇಲೆ ನೋಡಿದರೆ ಹರಳುಪ್ಪು ಮಿನುಗುತ್ತಿತ್ತು.

"ಉಪ್ಪು ಯಾರ ಹಾಕಿದ್ರು?" ಹಿಂದೆ ಬಂದು ನಿಂತ ಅತ್ತೆಯನ್ನು ಕೇಳಿದೆ.

"ನಾನೇ ಅವ್ವಾ. ಕೆಡಬಾರದಂತ ಒಟ್ಟುವಾಗ ಹಾಕ್ತೀವಿ."

"ಉಪ್ಪು ನೀರು ಬಿಡ್ತದ, ಅಷ್ಟೂ ತಿಳಿಯಂಗಿಲ್ಲೇನ್ರಿ? ಇದನ್ನ ತಿಂದು ಮತ್ತ ಕರು ಹೋದ್ರ ಏನ್ ಮಾಡ್ತೀರಿ?"

ಅತ್ತೆ ಸೆರಗಿನಿಂದ ಕೈ ಒರೆಸಿಕೊಂಡು ಒಳಗೆ ಹೋದರು. ಆಕಳ ಮುಂದೆ ಕಣಿಕೆಯಷ್ಟೇ ಇತ್ತು. ಸದ್ಯ, ಈ ಮೇವು ಹಾಕಿಲ್ಲವಲ್ಲ ಎಂದು ಉಸಿರು ಬಿಟ್ಟೆ. ಆದರೂ ಸಿಟ್ಟು ಇಳಿಯಲಿಲ್ಲ.

ಕೆಟ್ಟದ್ದನ್ನು ತಿಪ್ಪೆಗೆ ಹಾಕೋಣವೆಂದು ಬಣವೆ ಕೆಡವತೊಡಗಿದೆ. ಅತ್ತೆ ಒಟ್ಟಿದ್ದು ಮೇಲಿತ್ತು. ಹಸಿರು ಬಣ್ಣ ಮಾಸಿರಲಿಲ್ಲ, ದಂಟು ಲಟಕ್ಕನೆ ಮುರಿಯುತ್ತಿತ್ತು, ಘಮ್ಮೆನ್ನುತ್ತಿತ್ತು. ಪದರು ಪದರಿಗೂ ಉಪ್ಪು, ಒಂದು ಎಸಳೂ ಕೆಟ್ಟಿರಲಿಲ್ಲ. ನಡುವೆ ಒಣ ಕಣಿಕೆ ದಪ್ಪಗೆ ಹಾಸಿದ್ದರು. ಅದನ್ನು ಸರಿಸಿದರೆ ಕೆಳಗೆ ನಾನು ಒಟ್ಟಿದ ಮೇವು ಕಪ್ಪಗೆ, ಮುಗ್ಗಲು ನಾರುತ್ತ ಬಿದ್ದಿತ್ತು. ಎಲೆ ಒಣಗಿತ್ತು, ದಂಟು ಒಣಗಿರಲಿಲ್ಲ. ಮೊಬೈಲಿನ ಪಂಡಿತೆ ಎಲೆಯನ್ನಷ್ಟೇ ಮುಟ್ಟಿ ನೋಡಿದ್ದಳು.

ಒಳಗೆ ಹೋದೆ. ಅತ್ತೆ ರೊಟ್ಟಿ ಬಡಿಯುತ್ತಿದ್ದರು.

"ಅತ್ತಿ, ತಪ್ಪಾತ್ರಿ. ಹಸೀದು ಒಟ್ಟಿದಾಕಿ ನಾನೇ."

"ಗೊತ್ತಿತ್ತವ್ವಾ. ನೀ ಹೊಂಟಾಗೇ ಹಿಚುಕಿ ನೋಡಿದ್ದೆ. ಕಿತ್ತು ಹರವಾಕ ನನ್ನ ಮೊಳಕಾಲು ಕೇಳಲಿಲ್ಲ. ಮ್ಯಾಲಿಂದಾದ್ರೂ ಉಳೀಲಿ ಅಂತ ನಡುವ ಕಣಿಕಿ ಹಾಸಿದೆ."

"ಅವತ್ತೇ ಯಾಕ ಹೇಳಲಿಲ್ರಿ?"

"ಹೇಳಿದ್ರ ನೀ ನಿಂತಬಿಡ್ತಿದ್ದಿ. ನಿನ್ನ ಹಟ ನಂಗ ಗೊತ್ತಿಲ್ಲೇನು? ಅಲ್ಲಿ ನಿಮ್ಮವ್ವ ಕಣ್ಣಿಗೆ ಪಟ್ಟಿ ಕಟಗೊಂಡು, ಮಗಳು ಬರ್ತಾಳಂತ ಕುಂತಿರ್ತಾಳ."

ಅತ್ತೆ ರೊಟ್ಟಿಯನ್ನು ಹಂಚಿನ ಮೇಲೆ ಹಾಕಿ ನನ್ನತ್ತ ತಿರುಗಿದರು.

"ಈಗ ಕಣ್ಣು ಕಾಣಸ್ತಾವೇನು ಆಕಿಗಿ?"

ನಾನು ಊರಿಂದ ಬಂದು ಎರಡು ತಾಸಾಗಿತ್ತು. ಅವ್ವನ ಸುದ್ದಿಯನ್ನು ಅವರಿಗಿನ್ನೂ ಹೇಳಿರಲೇ ಇಲ್ಲ.