ಮಲ್ಲಿಕಾರ್ಜುನನ ಪಾಳಿಯ ರೆಕಾರ್ಡು

ಮಲ್ಲಿಕಾರ್ಜುನ ನನಗೆ ಮೋಸ ಮಾಡಿದ. ಅದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದಿನದನ್ನು ಕೇಳಿದ ಮೇಲೆ ನೀವು ಅವನ ಕಡೆಗೇ ಸೇರುತ್ತೀರಿ. ಎಲ್ಲರೂ ಸೇರಿದ್ದಾರೆ. ನನ್ನ ಹೆಂಡತಿ ಗೋದಾವರಿಯಂತೂ ಅವತ್ತಿನಿಂದ ನನ್ನ ಚಹಾಕ್ಕೆ ಸಕ್ಕರೆ ಹಾಕುವುದನ್ನೇ ಬಿಟ್ಟಿದ್ದಾಳೆ. ಶುಗರ್ ಇದೆ ಅನ್ನುವುದು ನೆಪ.

ಇದು ಎರಡು ಸಾವಿರದ ಐದನೇ ಇಸವಿಯ ಮಾತು. ನಾನು ನೀರಾವರಿ ಇಲಾಖೆಯಿಂದ ರಿಟೈರ್ ಆಗಿ ಮೂರು ವರ್ಷವಾಗಿತ್ತು. ಮಲ್ಲಿಕಾರ್ಜುನನದು ಸಿಕಂದರಾಬಾದಿನ ಆಚೆ ನಾಚಾರಂನಲ್ಲಿ ಒಂದು ಲೇಥ್ ಶೆಡ್ಡು, ಹಿಂದೆಯೇ ಮನೆ. ಇಬ್ಬರೂ ಬೀದರ್ ಕಡೆಯವರು, ಇಬ್ಬರಿಗೂ ಒಂದೇ ಹುಚ್ಚು: ಸಣ್ಣ ರೆಕಾರ್ಡು. ಈ ಕಡೆ ಒಂದು ಹಾಡು, ಆ ಕಡೆ ಒಂದು ಹಾಡು, ಮುಗಿಯಿತು. ಅಮೆರಿಕದ ಕಪ್ಪು ಜನ ಎದೆ ಬಿರಿಯುವ ಹಾಗೆ ಹಾಡುತ್ತಾರಲ್ಲ, ಸೋಲ್ ಅನ್ನುತ್ತಾರೆ, ಅದು ಬೇಕು. ಇಲ್ಲವೇ ತಮಾಷೆಯ ರೆಕಾರ್ಡು ಬೇಕು: ನಾಯಿ ಬೊಗಳುತ್ತ ತಾಳ ಹಾಕುವಂಥದ್ದು, ಮುದುಕ ಸೀನುತ್ತ ಹಾಡುವಂಥದ್ದು. ಸಿಕಂದರಾಬಾದಿನ ರೈಲ್ವೆ ಕಾಲೊನಿಗಳ ಆಂಗ್ಲೋ ಇಂಡಿಯನ್ ಕುಟುಂಬಗಳು ಮನೆ ಖಾಲಿ ಮಾಡಿ ಆಸ್ಟ್ರೇಲಿಯಾಕ್ಕೆ ಹೋಗುವಾಗ ಇವನ್ನೆಲ್ಲ ರದ್ದಿಗೆ ಹಾಕುತ್ತಿದ್ದರು. ಭಾನುವಾರ ಆ ರದ್ದಿ ಅಬಿಡ್ಸ್ ಫುಟ್‌ಪಾತಿನಲ್ಲಿ, ಹಳೇ ಪುಸ್ತಕಗಳ ಪಕ್ಕದಲ್ಲಿ, ಹಳೇ ಸಾಮಾನು ಮಾರುವ ಮೌನಪ್ಪನ ತಾಡಪತ್ರಿಯ ಮೇಲೆ ಬಂದು ಬೀಳುತ್ತಿತ್ತು.

ನಮ್ಮಿಬ್ಬರಲ್ಲಿ ಒಂದು ಕಟ್ಟಳೆ ಇತ್ತು. ಒಂದು ಭಾನುವಾರ ಅವನ ಪಾಳಿ, ಮುಂದಿನ ಭಾನುವಾರ ನನ್ನ ಪಾಳಿ. ಪಾಳಿ ಯಾರದೋ ಅವನದೇ ಮೊದಲ ಆಯ್ಕೆ. ಜ್ವರ ಬಂದು ಮಲಗಿದ್ದರೂ ಪಾಳಿ ಅವನದೇ. ಇನ್ನೊಬ್ಬ ಹೋಗಿ ಒಳ್ಳೆಯದನ್ನು ಆರಿಸಿ ಅವನ ಮನೆಗೆ ಮುಟ್ಟಿಸಬೇಕು. ಇನ್ನೊಂದು ಕಟ್ಟಳೆ, ಅಪರೂಪದ್ದು ಸಿಕ್ಕರೆ ಅದರ ಲೇಬಲ್ ಮೇಲೆ ಕ್ಯಾಲೆಂಡರ್ ಹಾಳೆ ಅಂಟಿಸಿ ಒಂದು ಸುಳ್ಳು ಹೆಸರು ಇಡುವುದು. ನಮಗೆ ಏನು ಬೇಕು ಎಂದು ನಮ್ಮ ಮಾತಿನಿಂದ ಮೌನಪ್ಪನಿಗೆ ಗೊತ್ತಾದರೆ ರೇಟು ಏರಿಸುತ್ತಿದ್ದ, ಅದಕ್ಕೆ ಶುರುವಾಗಿದ್ದು. ಬರುಬರುತ್ತ ಅದೇ ಶೋಕಿಯಾಯಿತು. ನನ್ನ ರೆಕಾರ್ಡಿನ ನಿಜ ಹೆಸರನ್ನು ಅವನು ಕೇಳುತ್ತಿರಲಿಲ್ಲ, ಅವನದನ್ನು ನಾನು ಕೇಳುತ್ತಿರಲಿಲ್ಲ. ಕಾಗದ ಕೀಳುವುದಂತೂ ಹೇಸಿಗೆ ಕೆಲಸ.

ಈಗ ನನ್ನ ಪಾಪ ಕೇಳಿ. ಎಪ್ಪತ್ತೆರಡರಲ್ಲಿ ಮಲ್ಲಿಕಾರ್ಜುನ ಲಾಲಾಗೂಡ ರೈಲ್ವೆ ವರ್ಕ್‌ಶಾಪಿನಲ್ಲಿ ಅಪ್ರೆಂಟಿಸ್ ಆಗಿದ್ದ. ಅಲ್ಲಿನ ನಾಲ್ಕು ಜನ ಫಿಟ್ಟರುಗಳು ಲೈನ್ ಕ್ಲಿಯರ್ ಬಾಯ್ಸ್ ಎಂದು ಬ್ಯಾಂಡ್ ಕಟ್ಟಿ, ಕೈಯಿಂದ ದುಡ್ಡು ಹಾಕಿ, ಐವತ್ತೇ ಐವತ್ತು ರೆಕಾರ್ಡು ಹೊಡೆಸಿದರು. ಒಂದು ಕಡೆ ಸೋಲ್ ಹಾಡು. ಇನ್ನೊಂದು ಕಡೆ ತಮಾಷೆ: ಸ್ಟೇಷನ್ನಿನಿಂದ ರೈಲು ಹೊರಡುವುದು, ಸೀಟಿ, ಚಹಾದವನ ಕೂಗು, ಹಳಿಯ ತುಂಡಿನ ಮೇಲೆ ಸುತ್ತಿಗೆಯ ಏಟು. ಆ ಸುತ್ತಿಗೆ ಬಡಿದವನು ಮಲ್ಲಿಕಾರ್ಜುನ. ನಿನಗೊಂದು ಪ್ರತಿ ಕೊಡುತ್ತೇನೆ ಎಂದಿದ್ದ ಹಾಡುಗಾರ ಕೊಡದೆ ಆಸ್ಟ್ರೇಲಿಯಾ ಸೇರಿದ. ಮಲ್ಲಿಕಾರ್ಜುನ ಮದುವೆ, ಮುಂಜಿವೆ, ಹತ್ತನೇ ದಿನದ ಊಟ ಯಾವುದನ್ನೂ ಬಿಡದೆ ಈ ಕತೆ ಹೇಳುತ್ತಿದ್ದ. ಯಾರೂ ನಂಬುತ್ತಿರಲಿಲ್ಲ. ಅವನ ಮಗಳು ಸಂಪದಾಳೇ “ಅಪ್ಪಾ, ಸಾಕ್ ಮಾಡ್ರಿ, ಮಂದಿ ನಗ್ತಾರ” ಅನ್ನುತ್ತಿದ್ದಳು.

ಎಂಬತ್ತಮೂರರಲ್ಲಿ ಅವನಿಗೆ ಟೈಫಾಯ್ಡ್ ಆಗಿ ದವಾಖಾನೆ ಸೇರಿದ. ಆ ಭಾನುವಾರ ಪಾಳಿ ಅವನದು. ನಾನೊಬ್ಬನೇ ಅಬಿಡ್ಸ್‌ಗೆ ಹೋದೆ. ಮೌನಪ್ಪನ ಗುಡ್ಡೆಯಲ್ಲಿ ಆ ರೆಕಾರ್ಡು ಸಿಕ್ಕಿತು. ತಮಾಷೆಯ ಕಡೆಯ ಲೇಬಲ್ ಮೇಲೆ ‘ಸುತ್ತಿಗೆ: ಮಲ್ಲಿಕಾರ್ಜುನ’ ಎಂದು ಇಂಗ್ಲಿಷಿನಲ್ಲಿ ಅಚ್ಚಾಗಿತ್ತು. ಮನೆಗೆ ತಂದು ಸೋಲ್ ಕಡೆ ಹಚ್ಚಿದೆ. ಆ ದನಿ ಕೇಳಿದ ಮೇಲೆ ಕೊಡುವ ಮನಸ್ಸಾಗಲಿಲ್ಲ. ಇನ್ನೊಂದು ಪ್ರತಿ ಸಿಕ್ಕೇ ಸಿಗುತ್ತದೆ, ಅದನ್ನು ಕೊಟ್ಟರಾಯಿತು ಎಂದುಕೊಂಡೆ. ಎರಡೂ ಕಡೆ ಕಾಗದ ಅಂಟಿಸಿದೆ. ಇನ್ನೊಂದು ಪ್ರತಿ ಸಿಗಲೇ ಇಲ್ಲ. ಒಂದು ವರ್ಷ ಹೇಳದಿದ್ದದ್ದನ್ನು ಹತ್ತನೇ ವರ್ಷ ಹೇಗೆ ಹೇಳುತ್ತೀರಿ?

ಅವನಿಗೆ ಸೋಲ್ ಕಡೆಯನ್ನಷ್ಟೇ ಕೇಳಿಸುತ್ತಿದ್ದೆ. ಆ ಹಾಡನ್ನು ಅವನು ಮೊದಲು ಕೇಳಿರಲಿಲ್ಲ. ಸುತ್ತಿಗೆ ಬಡಿದು ಅವತ್ತೇ ಡ್ಯೂಟಿಗೆ ಓಡಿದ್ದನಂತೆ. “ಭಾಳ ಛಂದ ಹಾಡ್ಯಾನ” ಅನ್ನುತ್ತಿದ್ದ. ನಾಚಿಕೆಗೇಡಿನ ಮಾತು ಇನ್ನೊಂದಿದೆ. ಅವನು ಸುತ್ತಿಗೆಯ ಕತೆ ತೆಗೆದಾಗ ಎಲ್ಲರಿಗಿಂತ ಜೋರಾಗಿ ನಗುತ್ತಿದ್ದವನು ನಾನೇ. “ಹೌದಪಾ, ನೀ ಸುತ್ತಿಗಿ ಬಡದಿ, ನಾ ಇಂಜಿನ್ನಿಗೆ ಕಲ್ಲಿದ್ದಲಿ ಹಾಕಿದ್ನಿ!”

ಎರಡು ಸಾವಿರದ ಮೂರರಲ್ಲಿ ಪೂರ್ವಿ ಬಂದಳು. ಮೈಸೂರಿನ ಹುಡುಗಿ, ಕೊಂಡಾಪುರದಲ್ಲಿ ಸಾಫ್ಟ್‌ವೇರ್ ಕೆಲಸ. ಅಬಿಡ್ಸ್‌ನಲ್ಲಿ ನಮ್ಮನ್ನು ಕಂಡು ಮಾತಾಡಿಸಿದಳು. ಅಪರೂಪದ ರೆಕಾರ್ಡುಗಳ ಹಾಡು, ಲೇಬಲ್ ಫೋಟೋ ಎಲ್ಲವನ್ನೂ ಇಂಟರ್ನೆಟ್ಟಿಗೆ ಪುಕ್ಕಟೆ ಹಾಕುವ ಒಂದು ಜಾಗ ಮಾಡಿಕೊಂಡಿದ್ದಳು. ಇಂಗ್ಲೆಂಡ್, ಜಪಾನಿನವರೆಲ್ಲ ಅಲ್ಲಿ ಬಂದು ಕೇಳುತ್ತಿದ್ದರು. ಭಾನುವಾರ ಮಧ್ಯಾಹ್ನ ಅವಳ ಫ್ಲ್ಯಾಟಿನಲ್ಲಿ ನಮ್ಮ ಬೈಠಕ್. ಮಲ್ಲಿಕಾರ್ಜುನ ತನ್ನದೆಲ್ಲವನ್ನೂ ಅವಳ ಮುಂದೆ ಸುರಿದುಬಿಟ್ಟ.

“ಅಂಕಲ್, ನಿಮ್ಮ ಆ ಕ್ಯಾಲೆಂಡರ್ ರೆಕಾರ್ಡ್ ಒಂದೇ ಒಂದ್ಸಲ ಕೊಡಿ. ಹೆಸರು ಹೇಳೋದೇ ಬೇಡ,” ಎಂದು ಪೂರ್ವಿ ಕಾಡುತ್ತಿದ್ದಳು.

“ನಾ ಸತ್ತ ಮ್ಯಾಲ ತಗೋ ಅವ್ವಾ,” ಅನ್ನುತ್ತಿದ್ದೆ.

ಮುಂದಿನ ಬೇಸಿಗೆಯಲ್ಲಿ ಆ ರೆಕಾರ್ಡು ಬಿಸಿಲಿಗೆ ಹಪ್ಪಳವಾಯಿತು. ಸೊಟ್ಟಾದ ರೆಕಾರ್ಡು ಸರಿಮಾಡುವವನು ಇಡೀ ಊರಿಗೆ ಮಲ್ಲಿಕಾರ್ಜುನನೊಬ್ಬನೇ: ಎರಡು ದಪ್ಪ ಗಾಜಿನ ನಡುವೆ ಇಟ್ಟು, ಮೇಲೆ ಕಬ್ಬಿಣ ಹೇರಿ, ಶೆಡ್ಡಿನ ತಗಡಿನ ಕೆಳಗೆ ವಾರ ಬಿಡುತ್ತಿದ್ದ. ಬೇರೆ ದಾರಿಯಿಲ್ಲದೆ ಕೊಟ್ಟೆ. ಅವನು ಕಾಗದ ಕೀಳುವವನಲ್ಲ ಎಂಬ ಧೈರ್ಯ. ವಾರದ ಮೇಲೆ ನೆಟ್ಟಗೆ ಮಾಡಿ ತಂದುಕೊಟ್ಟ. ಎರಡು ಸಾವಿರದ ಐದರ ಬೇಸಿಗೆಯಲ್ಲಿ ಅವನೇ ಕೇಳಿದ: “ಅಂಚು ಇನ್ನೂ ಎದ್ದೈತಿ, ತಾ ಇಲ್ಲೆ.” ಮೂರೇ ದಿನಕ್ಕೆ ವಾಪಸ್ ಕೊಟ್ಟ.

ಅದಾಗಿ ಹತ್ತು ದಿನಕ್ಕೆ ಪೂರ್ವಿಯ ಫೋನು.

“ಅಂಕಲ್, ನೀವು ಕೊಡ್ತೀರಾ ಅಂತ ನಾನು ಅಂದ್ಕೊಂಡೇ ಇರ್ಲಿಲ್ಲ! ಮಲ್ಲಿಕಾರ್ಜುನ ಅಂಕಲ್ ಕೈಲಿ ಕಳಿಸಿದ್ರಲ್ಲ, ಎರಡೂ ಸೈಡ್ ಹಾಕಿದೀನಿ, ಲೇಬಲ್ ಫೋಟೋನೂ ಹಾಕಿದೀನಿ. ಅವರ ಹೆಸರು ಪ್ರಿಂಟ್ ಆಗಿದೆ, ನೋಡಿದ್ರಾ? ಪಾಪ, ನಾವೆಲ್ಲ ಎಷ್ಟು ರೇಗಿಸ್ತಿದ್ವಿ!”

ಫೋನಿಟ್ಟು ರೆಕಾರ್ಡು ತೆಗೆದು ನೋಡಿದೆ. ನಾನು ಕತ್ತರಿಯಲ್ಲಿ ಸೊಟ್ಟಗೆ ಕತ್ತರಿಸಿದ್ದ ಹಳದಿ ಕಾಗದ ಎಲ್ಲಿದೆ? ಲೇಥಿನಲ್ಲಿ ತಿರುವಿದ ಹಾಗೆ ದುಂಡಗಿನ ಹೊಸ ಕಾಗದ. ಅಂಚಿನಲ್ಲಿ ನಸುನೀಲಿ ಅಂಟು. ಬುಕ್ ಬೈಂಡಿಂಗಿನವರು ಹುಳ ತಿನ್ನದಿರಲಿ ಎಂದು ಮೈದಾ ಅಂಟಿಗೆ ಮೈಲುತುತ್ತ ಹಾಕುತ್ತಾರೆ, ಆ ನೀಲಿ. ನಾನು ಯಾವತ್ತೂ ಅದನ್ನು ಹಾಕಿದವನಲ್ಲ. ಬರೀ ಮೈದಾ ಕುದಿಸಿ ಬಳಿಯುತ್ತಿದ್ದೆ.

ರೆಕಾರ್ಡು ಚೀಲದಲ್ಲಿಟ್ಟುಕೊಂಡು ನಾಚಾರಂ ಬಸ್ಸು ಹತ್ತಿದೆ. ಮಲ್ಲಿಕಾರ್ಜುನ ಲೇಥ್ ಮುಂದೆ ನಿಂತಿದ್ದ. ನನ್ನನ್ನು ನೋಡಿ ಮೋಟರ್ ಬಂದ್ ಮಾಡಿದ, ಕೈ ಒರೆಸಿಕೊಂಡ, ಕೂಡು ಅನ್ನಲಿಲ್ಲ.

“ಪೂರ್ವಿಗೆ ಏನಂತ ಹೇಳಿ ಕೊಟ್ಟಿ?”

“ಜನಾರ್ದನ ಒಪ್ಪ್ಯಾನ ಅಂತ.”

“ನಾ ಯಾವಾಗ ಒಪ್ಪಿದ್ನಿ? ನಾಚಿಕಿ ಬರಲಿಲ್ಲ ಸುಳ್ಳು ಹೇಳಾಕ? ಕಾಗದ ಕಿತ್ತೀಯಲ್ಲೋ!”

“ನಾ ಕಿತ್ತಿಲ್ಲ. ಹೋದ ವರ್ಷ ಗಾಜಿನ ಮ್ಯಾಲ ಇಡೂದರಾಗ ಕಾಗದ ತಾನ ಕಳಚಿ ಬಿತ್ತು. ಅದನ್ನ ತಿರುಗಿ ಮೆತ್ತಿ ಕೊಟ್ಟಿದ್ನಿ, ಈ ಸಲ ಮತ್ತ ಬಿತ್ತು. ನಿನ್ನ ಮೈದಾ ಎಲ್ಲಾ ಜಿರಲಿ ತಿಂದಾವ. ಎಷ್ಟ ಸಲ ಹೇಳೀನಿ, ಮೈಲುತುತ್ತ ಹಾಕು ಅಂತ.” ಮೇಜಿನ ಖಾನೆ ಎಳೆದು ನನ್ನ ಹಳದಿ ಕಾಗದ ತೆಗೆದ. ದಿನಕ್ಕೊಂದು ಹರಿಯುವ ಕ್ಯಾಲೆಂಡರಿನ ಹಾಳೆ. ಅಚ್ಚು ಒಳಗೆ ಬರುವ ಹಾಗೆ ಅಂಟಿಸಿದ್ದೆ. ಅವನು ಓದಿದ: “ಆಗಸ್ಟ್ ಏಳು, ಎಂಬತ್ತಮೂರು, ರವಿವಾರ. ಯಾರ ಪಾಳಿ ಇತ್ತೋ ಅವತ್ತ?”

ಕಾಗದ ಕಸಿದುಕೊಳ್ಳಲು ಕೈ ಚಾಚಿದೆ. ಅವನು ಕೊಡಲಿಲ್ಲ.

“ಅವತ್ತ ಸಂಜೀಕ ದವಾಖಾನಿಗೆ ಮೋಸಂಬಿ ತಗೊಂಡು ಬಂದಿದ್ದಿ. ಸುಲದು ಸುಲದು ತಿನ್ನಿಸಿದಿ. ಏನರ ಸಿಕ್ಕಿತೇನೋ ಅಂತ ಕೇಳಿದ್ನಿ. ಏನಿಲ್ಲಪಾ, ಬರೇ ಕಚರಾ, ಅಂದಿ.”

“ಹೋದ ವರ್ಷನ ಗೊತ್ತಾಗಿದ್ರ ಅವತ್ತ ಬಂದು ನನ್ನ ಕೊಳ್ಳಪಟ್ಟಿ ಹಿಡೀಬೇಕಿತ್ತು! ವರ್ಷ ಪೂರ್ತಿ ಏನೂ ಗೊತ್ತಿಲ್ಲದಾಂವನ ಗತೆ ಬಾಜೂಕ ಕೂತು ನನ್ನ ಚಹಾ ಕುಡದಿ.”

“ನೀನ ಹೇಳ್ತಿ ಅಂತ ಕೂತಿದ್ನಿ. ಸುತ್ತಿಗಿ ಸುದ್ದಿ ನಾನ ತಗೀತಿದ್ನಿ, ಈಗರ ಹೇಳ್ತಾನೇನು ಅಂತ. ನೀ ಕಲ್ಲಿದ್ದಲಿ ಅಂತ ನಗ್ತಿದ್ದಿ.”

ನನಗೆ ನಿಜವಾಗಿ ಸಿಟ್ಟು ಬಂದದ್ದು ಅಲ್ಲಿ. ಆ ಒಂದು ವರ್ಷ ಅವನು ಕತೆ ಹೇಳುತ್ತಿರಲಿಲ್ಲ, ನನ್ನನ್ನು ಪರೀಕ್ಷೆಗೆ ಕೂರಿಸಿದ್ದ. ಪ್ರತಿ ಸಲ ನಾನು ಫೇಲಾಗುವುದನ್ನು ಮುಖ ನೋಡುತ್ತ ಎಣಿಸಿದ್ದ. ಕದ್ದವನು ನಾನು, ಒಪ್ಪಿದೆ. ಆದರೆ ನಾನು ಕದ್ದದ್ದು ವಸ್ತು. ಇವನು ಗೆಳೆಯನ ವೇಷ ಹಾಕಿ ಒಂದು ವರ್ಷ ನನ್ನ ಪಕ್ಕದಲ್ಲಿ ಕೂತ. ಯಾವುದು ದೊಡ್ಡದು, ಹೇಳಿ. ಗೋದಾವರಿಯನ್ನು ಕೇಳಬೇಡಿ.

ಚೀಲದಿಂದ ರೆಕಾರ್ಡು ತೆಗೆದು ಅವನ ಮುಂದೆ ಹಿಡಿದೆ. “ತಗೋ. ನಿಂದ ಐತಿ.”

“ಬ್ಯಾಡ. ಸಂಪದಾ ಕಂಪ್ಯೂಟರಿನ್ಯಾಗ ನನ್ನ ಹೆಸರು ಓದ್ಯಾಳ. ಎರಡು ಸಲ ಓದಿದಳು. ನನಗ ಅಷ್ಟ ಬೇಕಾಗಿತ್ತು.”

“ಒಂದ್ ಸಲ ಆ ಕಡೆ ಹಚ್ಚೋಣು. ಇಬ್ಬರೂ ಕೂಡಿ ಕೇಳೂಣು.”

“ಇಪ್ಪತ್ತೆರಡು ವರ್ಷ ಒಬ್ಬನ ಕೇಳಿ ರೂಢಿ ಐತಿ ನಿನಗ. ಮನಿಗೆ ಹೋಗಿ ಒಬ್ಬನ ಕೇಳು.” ಮೋಟರ್ ಚಾಲೂ ಮಾಡಿದ. ಆ ಸದ್ದಿನಲ್ಲಿ ನಾನು ಏನು ಬೈದೆನೋ ಅವನಿಗೆ ಕೇಳಿಸಿರಲಿಕ್ಕಿಲ್ಲ.

ಮನೆಗೆ ಬಂದು ಆ ಕಡೆ ಹಚ್ಚಿದೆ. ಸೀಟಿ ಆದ ಮೇಲೆ ಸುತ್ತಿಗೆ ಶುರುವಾಗುತ್ತದೆ. ಒಂದು ಕಡೆ ಏಟು ತಡವಾಗಿ ಬೀಳುತ್ತದೆ, ಹಾಡುಗಾರ ತಡೆಯಲಾರದೆ ನಕ್ಕುಬಿಡುತ್ತಾನೆ. ಇಪ್ಪತ್ತೆರಡು ವರ್ಷದಿಂದ ನನಗೆ ಗೊತ್ತಿದ್ದ ತಪ್ಪು. ಅಬಿಡ್ಸ್‌ನಲ್ಲಿ ಎಷ್ಟೋ ಸಲ ಇದನ್ನಿಟ್ಟುಕೊಂಡು ಅವನನ್ನು ಗೋಳು ಹೊಯ್ದುಕೊಳ್ಳಬೇಕು ಎಂದು ನಾಲಗೆ ತುದಿಗೆ ಬಂದ ಮಾತನ್ನು ನುಂಗಿಕೊಂಡಿದ್ದೆ. ಈಗ ಹೇಳಬಹುದಲ್ಲ. ನಾಚಾರಂಗೆ ಫೋನ್ ತಿರುಗಿಸಿದೆ.

ಸಂಪದಾ ಎತ್ತಿದಳು. ಅತ್ತ ಯಾರೋ ಏನೋ ಪಿಸುಗುಟ್ಟಿದರು.

“ಅಪ್ಪ ಮನ್ಯಾಗ ಇಲ್ಲ ಅಂತ ಹೇಳು ಅಂದಾರ್ರಿ, ಕಾಕಾ,” ಎಂದಳು.