ಗುಲಾಬಿ ರಿವೆಟ್ಟು

ಪೆಟ್ಟಿಗೆಯ ಬೆಲೆ ಒಂದು ಜೊತೆ ಒಳ್ಳೆಯ ಚಪ್ಪಲಿಯಷ್ಟು. ಬಣ್ಣದ ಡಬ್ಬಿ, ಅಂಟು, ಬ್ಲೇಡು, ಕೂದಲೆಳೆಯಂಥ ಕುಂಚ ಎಲ್ಲ ಸೇರಿದರೆ ಇನ್ನೊಂದು ಜೊತೆ. ಹತ್ತಿರದ್ದನ್ನು ನೋಡುವ ಹೊಸ ಕನ್ನಡಕಕ್ಕೆ ಹೋದದ್ದು ಮಾತ್ರ ಚಪ್ಪಲಿ ಲೆಕ್ಕದಲ್ಲಿ ಹೇಳುವಂಥದ್ದಲ್ಲ. ಅಂಗೈ ಮೇಲೆ ಕೂರುವ ಪ್ಲಾಸ್ಟಿಕ್ ವಿಮಾನಕ್ಕೆ ಇಷ್ಟು ಸುರಿಯುವವನನ್ನು ಲೋಕ ಏನೆನ್ನುತ್ತದೆಂದು ಹಲ್ಲಿನವನಿಗೆ ಗೊತ್ತಿತ್ತು. ಆದರೆ ಹೆಂಡತಿಯಿಲ್ಲ, ಮಕ್ಕಳಿಲ್ಲ, ಕುಡಿತವಿಲ್ಲ. ಕೇಳುವವರೇ ಇಲ್ಲದ ಮನೆಯಲ್ಲಿ ದುಂದುಗಾರಿಕೆ ಅಂತ ಬೈಯಲಿಕ್ಕಾದರೂ ಯಾರಿದ್ದರು?

ಹಲ್ಲಿನವನೆಂದರೆ ಹಲ್ಲಿನ ಡಾಕ್ಟರಲ್ಲ. ಡಾಕ್ಟರು ತೆಗೆದುಕೊಟ್ಟ ಅಚ್ಚಿನ ಮೇಲೆ ಕಟ್ಟುಹಲ್ಲಿನ ಸೆಟ್ಟು ಮಾಡಿಕೊಡುವವನು. ಕೆಳಗೆ ಕೆಲಸದ ಕೋಣೆ, ಮೇಲೆ ಮನೆ, ನಡುವೆ ಕಡಿದಾದ ಮೆಟ್ಟಿಲು. ಹಗಲೆಲ್ಲ ಪರರ ಬಾಯಿಗೆ ದುಡಿದು, ಸಂಜೆ ಮೇಲೆ ಹೋದರೆ ಮಾತಾಡಲು ಒಂದು ಬಾಯಿಯಿಲ್ಲ. ಅದಕ್ಕೇ ಪೆಟ್ಟಿಗೆಯಲ್ಲಿ ಬರುವ ಬಿಡಿಭಾಗ ಅಂಟಿಸಿ ವಿಮಾನ ಕಟ್ಟುವ ಚಟ ಹತ್ತಿಸಿಕೊಂಡಿದ್ದ.

ಅವನಿಗೆ ಒಡಹುಟ್ಟಿದವನು ಅಣ್ಣನೊಬ್ಬನೇ. ಅಣ್ಣ ಆಯುಷ್ಯವನ್ನೆಲ್ಲ ಸವೆಸಿದ್ದು ವಿಮಾನದ ಶೆಡ್ಡಿನಲ್ಲಿ. ಎರಡು ಎಂಜಿನ್ನಿನ ಟಪಾಲು ವಿಮಾನಗಳ ಮೈಗೆ ತಗಡು ಕೂರಿಸಿ ರಿವೆಟ್, ಎಂದರೆ ಗುಂಡುತಲೆಯ ಮೊಳೆ, ಹೊಡೆಯುವುದು ಅವನ ಕೆಲಸ. ನಿವೃತ್ತಿಯಾದ ಮೇಲೆ ಭಾನುವಾರ ಬಂತೆಂದರೆ ತಮ್ಮನ ಮೆಟ್ಟಿಲು ಹತ್ತಿ, ಕಿಟಕಿ ಪಕ್ಕದ ಬೆತ್ತದ ಕುರ್ಚಿಯಲ್ಲಿ ಕೂತು, ಮೇಜಿನ ಮೇಲೆ ಯಾವ ವಿಮಾನವಿದೆಯೋ ಅದನ್ನು ಬೈಯುವುದು ಅವನ ರೂಢಿ.

“ಇದು ಹಾರಲ್ಲ ಕಣೋ. ರೆಕ್ಕೆ ನೋಡು, ಜ್ವರ ಬಂದ ಕೋಳಿ ಥರ ಇಳಿಬಿಟ್ಕೊಂಡಿದೆ.”

ಚೆನ್ನಾಗಿದೆ ಎಂಬ ಮಾತು ಅವನ ಬಾಯಲ್ಲಿ ಒಮ್ಮೆಯೂ ಬಂದದ್ದಿಲ್ಲ. ತಮ್ಮನಿಗೆ ಬೇಕಾದದ್ದು ಆ ಬೈಗುಳವೇ. ವಾರವಿಡೀ ಅದನ್ನೇ ಮೆಲುಕು ಹಾಕಿಕೊಂಡು ಇರುತ್ತಿದ್ದ.

ಆಮೇಲೆ ಸಕ್ಕರೆ ಕಾಯಿಲೆ ಅಣ್ಣನ ಕಣ್ಣು ತಿಂದಿತು. ಮೊದಲು ಒಂದು, ಅದರ ಹಿಂದೆಯೇ ಇನ್ನೊಂದು. ಭಾನುವಾರಗಳು ನಿಂತವು. ಕರೆದರೆ, “ನೋಡೋದಕ್ಕೆ ಆಗದವನು ಬಂದು ಏನು ಮಾಡ್ಲಿ?” ಎಂದ. ಅಣ್ಣನ ಮನೆಗೆ ತಾನೇ ಹೋದರೂ ಪ್ರಯೋಜನವಿರಲಿಲ್ಲ. ಕೇಳಿದ್ದಕ್ಕೆ ಹ್ಞೂಂ, ಹ್ಞೂಂಹ್ಞೂಂ, ಅಷ್ಟೇ.

“ಗೋಡೆಗೆ ಮುಖ ಮಾಡಿ ಕೂರ್ತಾರಪ್ಪ,” ಎಂದು ಅತ್ತಿಗೆ ಅಡುಗೆಮನೆಗೆ ಕರೆದು ಪಿಸುಗುಟ್ಟಿದಳು. “ರೇಡಿಯೋನೂ ಬೇಡ, ನಾನೂ ಬೇಡ. ಜಗಳನಾದ್ರೂ ಆಡಿ ಅಂದ್ರೆ ಅದಕ್ಕೂ ಬರಲ್ಲ.”

ಹೀಗಿರುವಾಗಲೇ ಆಟಿಕೆ ಅಂಗಡಿಯ ಮೂಲೆಯಲ್ಲಿ, ಧೂಳು ಹಿಡಿದ ಒಂದು ಪೆಟ್ಟಿಗೆ ಅವನ ಕಣ್ಣಿಗೆ ಬಿತ್ತು. ಅಣ್ಣನದೇ ಟಪಾಲು ವಿಮಾನ. ಇದನ್ನು ಕಟ್ಟಿ ಅವನ ಕೈಗೆ ಕೊಟ್ಟರೆ ಬಾಯಿ ಬಿಟ್ಟಾನು. ಬಾಯಿ ಬಿಟ್ಟರೆ ಬೈದಾನು. ಬೈದರೆ ಭಾನುವಾರಗಳು ತಿರುಗಿ ಬಂದಾವು. ಹಲ್ಲಿನವನ ಆಸೆ ಇಷ್ಟೇ ಇತ್ತು.

ಪೆಟ್ಟಿಗೆಯೊಳಗಿದ್ದದ್ದು ಹಳೆಯ ಅಚ್ಚಿನ ಬಿಡಿಭಾಗಗಳ ಕಿಟ್ಟು. ರೆಕ್ಕೆ ಮೈಗೆ ಸೇರುವಲ್ಲಿ ಉಗುರು ತೂರುವಷ್ಟು ಸಂದು. ಪುಟ್ಟಿ ತುಂಬಿ, ಒಣಗಿಸಿ, ಹಲ್ಲಿನ ಕೆಲಸದ ಅರದಿಂದ ತೀಡಿದ. ಮುಂಗಾಜನ್ನು ಬೇಗ ಹಿಡಿಯುವ ಅಂಟಿನಲ್ಲಿ ಕೂರಿಸಿದ್ದಕ್ಕೆ ಅದರ ಹಬೆ ತಾಗಿ ಗಾಜು ಪೊರೆ ಬಂದ ಕಣ್ಣಿನ ಹಾಗೆ ಬೆಳ್ಳಗಾಯಿತು. ಅದನ್ನು ಬಿಡಿಸಿ, ಉಜ್ಜಿ ತಿಳಿಮಾಡಿ, ಮರಗೆಲಸದ ಬಿಳಿ ಅಂಟಿನಲ್ಲಿ ಮತ್ತೆ ಕೂರಿಸಿದ. ಪೆಟ್ಟಿಗೆಯಲ್ಲಿದ್ದ, ವಿಮಾನದ ರೇಡಿಯೋದ ಏರಿಯಲ್ ತಂತಿ ಪೊರಕೆ ಕಡ್ಡಿಯಷ್ಟು ದಪ್ಪ. ಬಿಡಿಭಾಗ ಕತ್ತರಿಸಿ ಉಳಿದ ಪ್ಲಾಸ್ಟಿಕ್ ಕಡ್ಡಿಯನ್ನು ಮೇಣದಬತ್ತಿಯ ಮೇಲೆ ಕಾಯಿಸಿ, ಉಸಿರು ಬಿಗಿಹಿಡಿದು ಎಳೆದು, ಕೂದಲಿನಂಥದ್ದೊಂದನ್ನು ಮಾಡಿ ಕಟ್ಟಿದ.

ಎಲ್ಲಕ್ಕಿಂತ ಕಣ್ಣಿಗೆ ಚುಚ್ಚಿದ್ದು ರಿವೆಟ್ಟು. ಅಚ್ಚು ಮಾಡಿದ ಪುಣ್ಯಾತ್ಮ ಮೈತುಂಬ ಉಬ್ಬುಬ್ಬು ಗುಳ್ಳೆ ಎಬ್ಬಿಸಿಟ್ಟಿದ್ದ. ನಿಜದ ಅಳತೆಗೆ ಏರಿಸಿದರೆ ಒಂದೊಂದೂ ನಿಂಬೆಹಣ್ಣಿನಷ್ಟಾಗುತ್ತಿತ್ತು. ಈ ಕಸುಬು ಬಲ್ಲವರು ಯಾರೂ ಅಂಥದ್ದನ್ನು ಉಳಿಸುವುದಿಲ್ಲ. ಹಲ್ಲಿನವನು ಒಂದು ಮಧ್ಯಾಹ್ನ ಕೂತು ಒದ್ದೆ ಉಪ್ಪುಕಾಗದದಿಂದ ಒಂದೂ ಬಿಡದೆ ಉಜ್ಜಿ ನುಣ್ಣಗೆ ಮಾಡಿದ. ಬೆಳ್ಳಿ ಬಣ್ಣ ಬಿದ್ದ ಮೇಲೆ ವಿಮಾನ ಹೇಗೆ ಹೊಳೆಯಿತೆಂದರೆ, ಇಷ್ಟು ವರ್ಷದಲ್ಲಿ ಇಂಥದ್ದೊಂದನ್ನು ಅವನು ಕಟ್ಟಿರಲಿಲ್ಲ.

ಬೂಟಿನ ಡಬ್ಬಿಯಲ್ಲಿ ಹತ್ತಿ ಹಾಸಿ, ಮಗುವನ್ನು ಎತ್ತಿಕೊಂಡು ಹೋದ ಹಾಗೆ ಹೋದ.

“ನಿನ್ನ ಟಪಾಲು ವಿಮಾನ,” ಎಂದಾಗ ಅಣ್ಣ ಗೋಡೆಯಿಂದ ತಿರುಗಿ ಕೈ ಚಾಚಿದ. ಬೆರಳು ತಾಗಿದ್ದೇ ಏರಿಯಲ್ ಟಿಕ್ ಎಂದು ಮುರಿಯಿತು. “ಏನೋ ಮುರಿದೆ,” ಎಂದ.

“ಪರವಾಗಿಲ್ಲ ಅಣ್ಣ, ನೋಡು.”

ಬಾಯಿ ತಪ್ಪಿ ಬಂದ ಮಾತು. ಅಣ್ಣ ಅದನ್ನು ಹಿಡಿದು ಆಡಲಿಲ್ಲ. ಮೂತಿಯಿಂದ ಬಾಲದವರೆಗೆ ಬೆರಳಾಡಿಸಿದ. ಬೆರಳು ಎಲ್ಲೂ ನಿಲ್ಲಲಿಲ್ಲ, ಜಾರಿಕೊಂಡು ಹೋಗಿ ಆಚೆ ಬಿತ್ತು. ಮತ್ತೊಮ್ಮೆ ಆಡಿಸಿ ವಿಮಾನವನ್ನು ಹಿಂದಕ್ಕೆ ಕೊಟ್ಟ.

“ಚೆನ್ನಾಗಿದೆ.”

ಹಲ್ಲಿನವನು ವಿಮಾನ ಹಿಡಿದು ಮುಂದಕ್ಕೆ ಬಾಗಿದ. “ನಿಜ ಹೇಳು.”

“ಏನು ಹೇಳ್ಲಿ? ಮಾಡಿರ್ತೀಯ ಚೆನ್ನಾಗಿ. ಕೈಗೆ ಸೋಪಿನ ಬಿಲ್ಲೆ ಥರ ಇದೆ. ವಿಮಾನ ಅಂದಿದ್ದಕ್ಕೆ ವಿಮಾನ ಅಂತ ಗೊತ್ತಾಯ್ತು.” ಮತ್ತೆ ಗೋಡೆಯ ಕಡೆ ತಿರುಗಿದ.

ಅಂದು ಮನೆಗೆ ಬಂದು ಡಬ್ಬಿಯನ್ನು ಮಂಚದ ಕೆಳಗೆ ತಳ್ಳಿದ. ಬೆತ್ತದ ಕುರ್ಚಿಯ ಮೇಲೆ ಮಡಿಸದ ಬಟ್ಟೆ ಸೇರತೊಡಗಿತು.

ಕೆಲವು ದಿನಗಳ ಮೇಲೆ ಒಬ್ಬ ಮುದುಕಿ ಕೆಳಗಿನ ಕೋಣೆಗೆ ಬಂದು, ತನ್ನ ಹೊಸ ಸೆಟ್ಟನ್ನು ಕರವಸ್ತ್ರದಿಂದ ಬಿಚ್ಚಿಟ್ಟಳು.

“ಡಾಕ್ಟ್ರು ನಿಮ್ಮತ್ರಾನೇ ಹೋಗಿ ಅಂದ್ರು. ಒಳಗೆ ಬಂಡೆ ಬಿಟ್ಟಿದ್ದೀರಲ್ಲ, ನಾಲಿಗೆ ಎಲ್ಲಿ ಇಟ್ಕೊಳ್ಲಿ?”

ಅವನು ಭೂತಗನ್ನಡಿ ಹಿಡಿದು ನೋಡಿದ. ಏನೂ ಇರಲಿಲ್ಲ. ಬೆಳಕಿಗೆ ಓರೆ ಹಿಡಿದಾಗ ಧೂಳಿನ ಕಣದಂಥ ಒಂದು ಚುಕ್ಕೆ ಕಂಡಿತು. ತೀಡಿ ಕೊಟ್ಟ. ಮುದುಕಿ ಬಾಯಿಗಿಟ್ಟು ನಾಲಿಗೆಯಾಡಿಸಿ, “ಹ್ಞಾ, ಬಂಡೆ ಹೋಯ್ತು,” ಎಂದು ನಕ್ಕು ಹೊರಟಳು.

ಕಣ್ಣಿಗೆ ಧೂಳಾದದ್ದು ನಾಲಿಗೆಗೆ ಬಂಡೆ. ಇದು ಅವನಿಗೆ ಹೊಸ ಪಾಠವಲ್ಲ. ಈ ಪಾಠದ ಮೇಲೇ ಅನ್ನ ತಿಂದವನು. ಆದರೆ ಅಣ್ಣನಿಗೆಂದು ಕಟ್ಟುವಾಗ ಕಟ್ಟಿದ್ದು ತನ್ನ ಕಣ್ಣಿಗೆ. ಅಣ್ಣನ ಬೆರಳಿಗೆ ಉಳಿದಿದ್ದ ಒಂದೇ ಗುರುತನ್ನು, ಆ ನಿಂಬೆಹಣ್ಣಿನಂಥ ರಿವೆಟ್ಟುಗಳನ್ನು, ತಾನೇ ಕೈಯಾರೆ ಉಜ್ಜಿ ಚರಂಡಿಗೆ ಬಿಟ್ಟಿದ್ದ.

ಮತ್ತೆ ಎಬ್ಬಿಸಬೇಕೆಂದರೆ ಯಾವುದು ಎಲ್ಲಿತ್ತು ಎಂಬುದೇ ನೆನಪಿಲ್ಲ. ಬಲ್ಲವನು ಅಣ್ಣನೊಬ್ಬನೇ. ಅವನ ಮನೆಗೆ ಫೋನ್ ಮಾಡಿದ. ಅತ್ತಿಗೆ ಫೋನನ್ನು ಅಣ್ಣನ ಕಿವಿಗೆ ಹಿಡಿದಳು.

“ಅಣ್ಣಾ, ರೆಕ್ಕೆ ಬುಡದಲ್ಲಿ ರಿವೆಟ್ ಎಷ್ಟು ಸಾಲು?”

“ಯಾಕೆ?”

“ಕಿಟ್ಟಲ್ಲಿ ಇತ್ತು. ಉಜ್ಜಿ ಹಾಕ್ಬಿಟ್ಟೆ.”

“ಉಜ್ಜಿ ಹಾಕಿದ್ಯಾ? ನಾನು ಜನ್ಮವೆಲ್ಲಾ ಹೊಡೆದಿದ್ದನ್ನ ನೀನು ಉಜ್ಜಿ ಹಾಕಿದ್ಯೇನೋ ಪಾಪಿ?”

“ತುಂಬಾ ದಪ್ಪ ಕಾಣ್ತಿತ್ತು.”

“ಯಾರಿಗೆ ಕಾಣ್ತಿತ್ತು?”

ಅಣ್ಣ ಉತ್ತರಕ್ಕೆ ಕಾಯಲಿಲ್ಲ. “ಬರ್ಕೋ,” ಎಂದು ಮೂತಿಯಿಂದ ಶುರು ಮಾಡಿದ. ಎಂಜಿನ್ನಿನ ಸುತ್ತ ಒತ್ತಾಗಿ, ಹೊಟ್ಟೆಯಲ್ಲಿ ವಿರಳವಾಗಿ, ರೆಕ್ಕೆಯ ಬುಡದಲ್ಲಿ ಜೋಡಿ ಸಾಲು. “ಸಾಮಾನಿನ ಬಾಗಿಲ ಪಕ್ಕ ಒಂದು ತೇಪೆ ಹಾಕು. ಪೆಟ್ಟಿಗೇಲಿ ಇರಲ್ಲ ಅದು. ಗಾಡಿಯವನು ಹಿಂದಕ್ಕೆ ಬಂದು ಗುದ್ದಿದ್ದ, ನಾನೇ ತೇಪೆ ಹೊಡೆದಿದ್ದು. ಚೌಕ. ಮೂಲೆಗೊಂದೊಂದು ರಿವೆಟ್ ಜಾಸ್ತಿ.” ಕೈ ಸೋತು ಅತ್ತಿಗೆ ಫೋನನ್ನು ಅವನ ಕೈಗೇ ಕೊಟ್ಟು ಹೋದಳು. ಅಣ್ಣ ನಿಲ್ಲಿಸಲಿಲ್ಲ.

ಬಿಳಿ ಅಂಟಿನ ಹನಿ ಇಟ್ಟು ನೋಡಿದರೆ ಒಣಗಿ ಚಪ್ಪಟೆಯಾಯಿತು. ಕಡೆಗೆ ತನ್ನ ಕಸುಬಿನ ಸಾಮಾನೇ ಕೈಹಿಡಿಯಿತು. ಕುಂಚವನ್ನು ಪುಡಿ ಕಲಸುವ ದ್ರವದಲ್ಲಿ ಅದ್ದಿ, ಕಟ್ಟುಹಲ್ಲಿನ ವಸಡು ಮಾಡುವ ಪುಡಿಗೆ ತಾಗಿಸಿದರೆ ತುದಿಯಲ್ಲೊಂದು ಹನಿ ನಿಲ್ಲುತ್ತದೆ. ಇಟ್ಟಲ್ಲಿ ಇಟ್ಟ ಹಾಗೆ ಕಲ್ಲಾಗುತ್ತದೆ. ಪುಡಿಯ ಬಣ್ಣ ಗುಲಾಬಿ. ಮೇಲೆ ಬೆಳ್ಳಿ ಬಳಿದರೆ ಗುಳ್ಳೆಯ ಅಂಚು ಮೊಂಡಾದೀತೆಂದು ಹಾಗೇ ಬಿಟ್ಟ. ಏರಿಯಲ್ ತಂತಿಯ ಜಾಗಕ್ಕೆ ಈ ಸಲ ಕಟ್ಟುಹಲ್ಲಿನ ಕೊಂಡಿ ಮಾಡುವ ಉಕ್ಕಿನ ತಂತಿ. ಕೆಲಸ ಮುಗಿದಾಗ ಅವನು ಕಟ್ಟಿದ್ದರಲ್ಲೆಲ್ಲ ಚೆಲುವಾದ ವಿಮಾನ, ಅವನು ಕಟ್ಟಿದ್ದರಲ್ಲೆಲ್ಲ ಕುರೂಪಿಯಾಗಿ ಕೂತಿತ್ತು.

“ಅಯ್ಯೋ, ವಿಮಾನಕ್ಕೆ ಸಿಡುಬು ಎದ್ದಿದೆಯಲ್ಲಪ್ಪ!” ಎಂದಳು ಅತ್ತಿಗೆ, ಡಬ್ಬಿ ತೆರೆದಾಗ.

“ನೀನು ಸುಮ್ನಿರೇ,” ಎಂದ ಅಣ್ಣ. ಅವನ ಕೈ ಆಗಲೇ ಚಾಚಿತ್ತು.

ಈ ಸಲ ಬೆರಳು ಜಾರಲಿಲ್ಲ. ಜಗುಲಿಯ ಮೇಲೆ ನಡೆಯುವ ಇರುವೆಯ ಹಾಗೆ ನಿಂತು ನಿಂತು ಹೋಯಿತು. ತುಟಿ ಅಲುಗುತ್ತಿತ್ತು. “ಮೂತಿ… ಎಂಜಿನ್ನು… ಈ ಸಾಲು ಯಾವನೋ ಕುಡಿದು ಹೊಡೆದಿರೋದು, ಡೊಂಕು.”

“ನಾನೇ ಅಣ್ಣ.”

“ಗೊತ್ತಾಯ್ತು.”

ಬಾಗಿಲ ಪಕ್ಕದ ತೇಪೆಗೆ ಬಂದಾಗ ಬೆರಳು ಚೌಕವನ್ನು ಒಂದು ಸುತ್ತು ಹಾಕಿ ಅಲ್ಲೇ ಕೂತಿತು. ಅತ್ತಿಗೆ ಸೆರಗಿನಿಂದ ಮೂಗೊರೆಸಿಕೊಂಡಳು.

“ಮೂರೇ ಮೂಲೆಗೆ ರಿವೆಟ್ ಇಟ್ಟಿದ್ದೀಯ,” ಎಂದ ಅಣ್ಣ ಕಡೆಗೆ. “ನಾಲ್ಕನೇದು ಎಲ್ಲಿ? ತಗಡು ಎದ್ದು ಹೋಗತ್ತೆ. ಇದು ಹಾರಲ್ಲ ಕಣೋ.”

ಹಲ್ಲಿನವನು ಕನ್ನಡಕ ತೆಗೆದು ಒರೆಸಿಕೊಂಡ. ಧೈರ್ಯ ಮಾಡಿ ಕೇಳಿದ: “ಭಾನುವಾರ ಬರ್ತೀಯಾ?”

“ಆ ಮೆಟ್ಟಿಲಾ? ಕಣ್ಣಂತೂ ಹೋಯ್ತು, ಕಾಲೂ ಮುರೀಲಿ ಅಂತಲಾ?” ಅಣ್ಣ ವಿಮಾನವನ್ನು ಮಡಿಲಿಗೆ ಎಳೆದುಕೊಂಡ. “ಇದು ಇಲ್ಲೇ ಇರ್ಲಿ. ಆ ಪುಡಿ ತಗೊಂಡು ನೀನೇ ಬಾ. ಒಂದು ಮೂಲೆ ಬಾಕಿ ಇದೆ.”

ಮೂಲೆಯ ಬಾಕಿ ಮುಂದಿನ ಭಾನುವಾರ ತೀರಿತು. ಆದರೆ ದಿನವೂ ಬೆರಳಾಡುವ ವಿಮಾನವಲ್ಲವೇ. ಒಂದು ವಾರ ಚಕ್ರ ಕಳಚಿತು, ಒಂದು ವಾರ ಸಾಲಿನ ಗುಳ್ಳೆ ಉದುರಿತು. ಬೆಳ್ಳಿ ಬಣ್ಣವೆಲ್ಲ ಸವೆದು ಒಳಗಿನ ಬೂದು ಪ್ಲಾಸ್ಟಿಕ್ ಹೊರಬಿತ್ತು. ಹಲ್ಲಿನವನು ವಾರವಾರವೂ ಪುಡಿ, ಕುಂಚ ಹಿಡಿದು ಹೋಗುತ್ತಾನೆ; ಬೈಸಿಕೊಂಡು, ರಿಪೇರಿ ಮಾಡಿ, ಕತ್ತಲಾಗುವ ಮುಂಚೆ ತನ್ನ ಮೆಟ್ಟಿಲು ತಾನೇ ಹತ್ತುತ್ತಾನೆ.

ಅಣ್ಣ ಮತ್ತೆ ಆ ಮನೆಗೆ ಬರಲಿಲ್ಲ. ಬೆತ್ತದ ಕುರ್ಚಿಯ ಮೇಲೆ ಬಟ್ಟೆಯ ರಾಶಿ ಹಾಗೇ ಇದೆ. ಹಲ್ಲಿನವನು ಕಟ್ಟಿದ್ದರಲ್ಲಿ ಎಲ್ಲಕ್ಕಿಂತ ಒಳ್ಳೆಯ ವಿಮಾನ ಹಾಳಾಯಿತು. ವಾರದ ಆರು ಸಂಜೆ ಮೊದಲಿನ ಹಾಗೇ ಒಬ್ಬನೇ. ಭಾನುವಾರ ಮಾತ್ರ ಅವನಿಗೆ ತಿರುಗಿ ಸಿಕ್ಕಿತು.