ಬೆಳಕಿಗೆ ಹಿಡಿದ ಜರಡಿ

ನಾನೊಂದು ಜರಡಿ. ಅಡುಗೆಮನೆಯ ರವೆ ಜರಡಿ ಎಂದುಕೊಂಡರೆ ನನಗೆ ಸಿಟ್ಟು ಬರುತ್ತದೆ, ಮೊದಲೇ ಹೇಳಿಬಿಡುತ್ತೇನೆ. ನನ್ನ ಸುತ್ತು ಹಿತ್ತಾಳೆಯದು, ಬಲೆ ಉಕ್ಕಿನ ತಂತಿಯದು, ಒಂದೊಂದು ಕಣ್ಣೂ ಸರಿಯಾಗಿ ಕಾಲು ಮಿಲಿಮೀಟರ್. ಅದಕ್ಕಿಂತ ಎಳ್ಳಷ್ಟು ದಪ್ಪಗಿದ್ದವನನ್ನೂ ನಾನು ಕೆಳಗೆ ಬಿಟ್ಟವನಲ್ಲ. ಬಂದವರನ್ನೆಲ್ಲ ಮೊದಲು ಸಂಶಯದಿಂದ ನೋಡುವುದು, ಅಳೆದ ಮೇಲೆ ದಾರಿ ಕೊಡುವುದು ನನ್ನ ಕಸುಬು. ಕಸುಬೇ ಬರಬರುತ್ತ ಸ್ವಭಾವವೂ ಆಯಿತು.

ನಾನು ಹುಟ್ಟಿದ್ದು ಒಂದು ಸಣ್ಣ ಕಾರ್ಖಾನೆಯಲ್ಲಿ. ಅಲ್ಲಿ ಒಬ್ಬ ಹೆಂಗಸು ಭೂತಗನ್ನಡಿ ಹಿಡಿದು ನನ್ನ ಕಣ್ಣುಗಳನ್ನು ನೋಡಿದಳು. ನನ್ನ ಜೊತೆ ಹುಟ್ಟಿದ ಇಬ್ಬರನ್ನು, ಕಣ್ಣು ಸೊಟ್ಟಗಿದೆ ಎಂದು ಪಕ್ಕಕ್ಕೆ ಎಸೆದಳು. ನನ್ನನ್ನು ಎಸೆಯಲಿಲ್ಲ. ಆದರೆ ಬಲೆಯನ್ನು ಹಿತ್ತಾಳೆಗೆ ಬೆಸೆಯುವಾಗ ಮುದುಕ ಕೆಲಸಗಾರನ ಕೈ ಒಂದು ಕಡೆ ತುಸು ನಡುಗಿತ್ತು, ಅಲ್ಲೊಂದು ಸಂದಿ ಉಳಿದಿತ್ತು. ಆ ಹೆಂಗಸು ಕಣ್ಣು ನೋಡಿದಳೇ ಹೊರತು ಅಂಚು ನೋಡಲಿಲ್ಲ. ನಾನೂ ಅದನ್ನು ಮರೆತೆ.

ಅಲ್ಲಿಂದ ಧಾರವಾಡಕ್ಕೆ, ಕಾಲೇಜೊಂದರ ಭೂವಿಜ್ಞಾನ ವಿಭಾಗಕ್ಕೆ ಬಂದೆ. ಪೆಟ್ಟಿಗೆ ಒಡೆದು ನನ್ನನ್ನು ಎತ್ತಿಕೊಂಡವನು ಲ್ಯಾಬ್ ಅಟೆಂಡರ್ ಮಕ್ತುಂಸಾಬ ನದಾಫ. ಆತನನ್ನು ಕಂಡ ಕೂಡಲೇ ನನಗೆ ಇಷ್ಟವಾಯಿತು, ಏಕೆಂದರೆ ಆತನೂ ಯಾರನ್ನೂ ನಂಬುತ್ತಿರಲಿಲ್ಲ. ಜರಡಿ ತೊಳೆಯುವ ಕೆಲಸವನ್ನು ಆತ ಬೇರೆ ಯಾರಿಗೂ ಕೊಡುತ್ತಿರಲಿಲ್ಲ. ಮೆತ್ತನೆ ಬ್ರಷ್ಷಿನಿಂದ ಉಜ್ಜಿ, ನೀರು ಬಿಟ್ಟು, ಒಣಗಿಸಿ, ಕೊನೆಗೆ ಉತ್ತರದ ಕಿಟಕಿಯ ಬೆಳಕಿಗೆ ಎತ್ತಿ ಹಿಡಿದು ಒಂದೊಂದೇ ಕಣ್ಣು ನೋಡುತ್ತಿದ್ದ. ಎಲ್ಲವೂ ಬರಿದಾಗಿದ್ದರೆ ಮಾತ್ರ ‘ಸಾಫ್ ಐತಿ’ ಎನ್ನುತ್ತಿದ್ದ. ಆತ ಹಾಗೆಂದ ಮೇಲೆ ವಿಭಾಗದಲ್ಲಿ ಮತ್ತೊಬ್ಬರು ನೋಡುತ್ತಿರಲಿಲ್ಲ.

ಇಷ್ಟು ಕಟ್ಟುನಿಟ್ಟು ಏಕೆಂದು ನೀವು ಕೇಳಬಹುದು. ನಮ್ಮಲ್ಲಿ ಹುಡುಕುತ್ತಿದ್ದದ್ದು ಜಿರ್ಕಾನ್ ಎಂಬ ಹರಳು, ಮರಳಿನ ಕಾಳಿಗಿಂತ ಸಣ್ಣದು. ನೆಲದೊಳಗೆ ಕಾದು ಕರಗಿದ ಕಲ್ಲು ಆರಿ ಗಟ್ಟಿಯಾಗುವಾಗ ಅದು ಹುಟ್ಟುತ್ತದೆ. ಹುಟ್ಟುವಾಗ ಹೊಟ್ಟೆಯಲ್ಲಿ ತುಸು ಯುರೇನಿಯಂ ಇಟ್ಟುಕೊಳ್ಳುತ್ತದೆ, ಸೀಸವನ್ನು ಮಾತ್ರ ಒಳಗೆ ಬಿಟ್ಟುಕೊಳ್ಳುವುದಿಲ್ಲ. ಮುಂದೆ ಆ ಯುರೇನಿಯಂ ಬಹಳ ನಿಧಾನವಾಗಿ, ತಪ್ಪದ ವೇಗದಲ್ಲಿ ತಾನೇ ಸೀಸವಾಗುತ್ತ ಹೋಗುತ್ತದೆ. ಇದೆಷ್ಟು, ಅದೆಷ್ಟು ಎಂದು ಅಳೆದರೆ ಹರಳಿನ ವಯಸ್ಸು ಸಿಗುತ್ತದೆ. ಒಂದು ಕಲ್ಲಿನ ಹರಳು ಇನ್ನೊಂದು ಕಲ್ಲಿನ ಪುಡಿಯಲ್ಲಿ ಬೆರೆತರೆ ಕೋಟ್ಯಂತರ ವರ್ಷಗಳ ಲೆಕ್ಕವೇ ತಲೆಕೆಳಗು.

ಎರಡು ವರ್ಷ ಒಬ್ಬ ವಿದ್ಯಾರ್ಥಿ ನನ್ನಲ್ಲಿ ಬರೀ ಗ್ರಾನೈಟ್ ಪುಡಿ ಸೋಸಿದ. ಅದರ ಹರಳುಗಳು ಕೆಂಪು ಛಾಯೆಯವು, ವಯಸ್ಸು ಇನ್ನೂರ ಅರವತ್ತು ಕೋಟಿ ವರ್ಷ. ಅವನು ಪದವಿ ಪಡೆದು ಹೋದ. ಮಕ್ತುಂಸಾಬ ನನ್ನನ್ನು ತೊಳೆದು, ಕಿಟಕಿಗೆ ಹಿಡಿದು, ‘ಸಾಫ್ ಐತಿ’ ಎಂದ.

ಆಮೇಲೆ ಬಂದವಳು ದಾಕ್ಷಾಯಿಣಿ ಬೆಟಗೇರಿ. ಬಾಗಲಕೋಟೆ ಕಡೆಯ ಗುಡ್ಡವೊಂದರಿಂದ ಆಕೆ ಒಂದು ಕಲ್ಲು ತಂದಿದ್ದಳು. ಕೊಯ್ದ ಮುಖದಲ್ಲಿ ಒಂದರ ಮೇಲೊಂದು ತೆಳು ಪದರ, ಬೋರಲು ಹಾಕಿದ ಬಟ್ಟಲುಗಳ ಹಾಗೆ. ಮೀನೂ ಗಿಡವೂ ಹುಟ್ಟುವ ಎಷ್ಟೋ ಮೊದಲು, ತಿಳಿಗಡಲಲ್ಲಿ ಕಣ್ಣಿಗೆ ಕಾಣದ ಜೀವಿಗಳ ಲೋಳೆ ಹಾಸಿತ್ತಂತೆ. ಅದರ ಮೇಲೆ ಕೆಸರು ಕೂತು, ಕೆಸರಿನ ಮೇಲೆ ಮತ್ತೆ ಲೋಳೆ ಹತ್ತಿ, ಹೀಗೆ ಕಟ್ಟಿಕೊಂಡ ಕಲ್ಲು ಅದು. ಲೋಳೆಯೇ ಜೀವಿಗಳೆಲ್ಲದರ ಪೂರ್ವಿಕ ಎಂದು ವಿಭಾಗದವರು ಹೇಳಿದಾಗ ನಾನು ನಂಬಲಿಲ್ಲ. ಕೆಸರು ತಾನಾಗಿಯೇ ಪದರ ಕಟ್ಟಬಾರದೇಕೆ? ಆಕೆಗೂ ಅದೇ ಸಂಶಯ ಇತ್ತು. ಕಲ್ಲನ್ನು ಬೆಳಕು ಹಾಯುವಷ್ಟು ತೆಳುವಾಗಿ ಉಜ್ಜಿ ಸೂಕ್ಷ್ಮದರ್ಶಕದಲ್ಲಿ ಒಂದು ವರ್ಷ ನೋಡಿದಳು. ಪದರಗಳು ಬೆಳಕಿಗೆ ಚಾಚಿ ಬೆಳೆದ ಗುರುತು ಸಿಕ್ಕ ಮೇಲೆಯೇ ಜೀವ ಎಂದು ಬರೆದಳು.

ಆದರೆ ಆ ಕಲ್ಲು ತನ್ನ ವಯಸ್ಸು ಹೇಳುವುದಿಲ್ಲ, ಅದರಲ್ಲಿ ಜಿರ್ಕಾನಿನಂಥ ಗಡಿಯಾರವಿಲ್ಲ. ಅದರ ನೆತ್ತಿಯ ಮೇಲೆ ಜ್ವಾಲಾಮುಖಿಯ ಬೂದಿಯ ತೆಳು ಪಟ್ಟಿಯೊಂದಿತ್ತು. ಬೂದಿಯ ಹರಳಿನ ವಯಸ್ಸು ತಿಳಿದರೆ, ಕೆಳಗಿನ ಜೀವ ಅದಕ್ಕಿಂತ ಹಳೆಯದು ಎನ್ನಬಹುದು. ದಾಕ್ಷಾಯಿಣಿಯ ಇಡೀ ಓದು ಆ ಬೂದಿಯ ಮೇಲೆ ನಿಂತಿತ್ತು. ಬೂದಿ ಪುಡಿಯಾಗಿ ನನ್ನ ಮೂಲಕ ಹಾಯಿತು. ಸಿಕ್ಕಿದ್ದು ಐದೇ ಹರಳು.

ಬೇರೆ ಊರಿನಲ್ಲಿದ್ದ, ಹರಳಿನ ವಯಸ್ಸು ಅಳೆಯುವ ಯಂತ್ರದಿಂದ ಉತ್ತರ ಬಂತು. ಮೂರು ಹರಳಿಗೆ ಇನ್ನೂರ ಅರವತ್ತು ಕೋಟಿ ವರ್ಷ, ಎರಡಕ್ಕೆ ನೂರ ಇಪ್ಪತ್ತು ಕೋಟಿ.

ಆಕೆಯ ಗುರು ಡಾ. ಸುಲೋಚನಾ ಹೊಂಬಳ ಕಾಗದ ಹಿಡಿದುಕೊಂಡೇ ಲ್ಯಾಬಿಗೆ ಬಂದರು. ಇಷ್ಟು ಹಳೆಯ ಜೀವ ಆ ಭಾಗದಲ್ಲಿ ಯಾರಿಗೂ ಸಿಕ್ಕಿರಲಿಲ್ಲ. ‘ಸಣ್ಣ ವಯಸ್ಸಿನ ಎರಡೂ ಬಿರುಕು ಬಿಟ್ಟಿರಬೇಕು. ಸೀಸ ಸೋರಿ ಹೋಗಿರತದ, ಅದಕ್ಕ ಎಳೇವು ಅನ್ನಸ್ತಾವ. ಅವನ್ನ ಬಿಡು. ಬರೋ ಸೋಮವಾರ ಹೈದರಾಬಾದಿನ ಸಮ್ಮೇಳನದಾಗ ಹೇಳೂಣು’ ಎಂದರು.

ದಾಕ್ಷಾಯಿಣಿ ಹೂಂ ಅಂದಳು. ಆದರೆ ಮನೆಗೆ ಹೋಗದೆ ಆ ಕಾಗದದ ಮುಂದೆಯೇ ಕೂತಳು. ನನಗಂತೂ ಎಲ್ಲರ ಮೇಲೂ ಗುಮಾನಿ. ಬೂದಿಯ ಮೇಲೆ ಗುಮಾನಿ, ಅದು ಹಳೆಯ ಹರಳನ್ನು ಎಲ್ಲಿಂದಲೋ ಹೊತ್ತು ತಂದಿರಬಹುದು. ಯಂತ್ರದ ಮೇಲೆ ಗುಮಾನಿ, ಅದನ್ನು ನಾನು ಕಂಡಿಲ್ಲ. ಗುರುವಿನ ಖುಷಿಯ ಮೇಲೂ ಗುಮಾನಿ. ನನ್ನ ಮೇಲೆ ಮಾತ್ರ ಇರಲಿಲ್ಲ.

ಮರುದಿನ ಆಕೆ ಗುರುವಿನ ಮುಂದೆ ನಿಂತಳು. ‘ಮೇಡಮ್, ಎರಡು ಕೊಡ ಸೋರಿದ್ರ ಎರಡರಾಗೂ ಒಂದ ಮಟ್ಟಕ್ಕ ನೀರು ಉಳೀತದೇನ್ರಿ? ಈ ಎರಡೂ ಹರಳು ಒಂದ ವಯಸ್ಸು ಹೇಳ್ತಾವ. ಆ ಮೂರೂ ಕೆಂಪಗ ಅದಾವ. ಹಿಂದಿನವರ ಗ್ರಾನೈಟ್‌ದೂ ಅದ ಬಣ್ಣ, ಅದ ವಯಸ್ಸು.’

ಹೊಂಬಳ ಮೇಡಮ್ಮರ ಮುಖ ಬಿಗಿಯಿತು. ‘ಅಂದ್ರ ನಮ್ಮ ಲ್ಯಾಬ್ ಹೊಲಸ ಐತಿ ಅಂತೀಯೇನು?’

‘ಐತೋ ಇಲ್ಲೋ ನೋಡ್ತೀನ್ರಿ. ಹೊಲಸ ಇಲ್ಲಂದ್ರ ಸೋಮವಾರ ನಾನ ಎದ್ದು ನಿಂತು ಆ ವಯಸ್ಸು ಹೇಳ್ತೀನಿ.’

ಆಕೆ ಮಾಡಿದ್ದನ್ನು ನಾನು ಸಾಯುವ ತನಕ ಮರೆಯುವುದಿಲ್ಲ. ಅಂಗಡಿಯಿಂದ ಪುಡಿಸಕ್ಕರೆ ತರಿಸಿದಳು. ಅದರ ಅರ್ಧವನ್ನು ನೇರವಾಗಿ ನೀರಿಗೆ ಹಾಕಿ ಕರಗಿಸಿ, ತಳದಲ್ಲಿ ಏನೂ ಇಲ್ಲ ಎಂದು ಖಚಿತ ಮಾಡಿಕೊಂಡಳು. ಉಳಿದರ್ಧವನ್ನು ತೊಳೆದು ಒಣಗಿಸಿದ ನನ್ನಲ್ಲಿ ಹಾಕಿ, ಗಂಟೆಗಟ್ಟಲೆ ತಟ್ಟಿ ಅಲ್ಲಾಡಿಸಿದಳು. ನನಗೆ ಅವಮಾನವಾಯಿತು. ರವೆ ಜರಡಿಯ ಹಾಗೆ ಸಕ್ಕರೆ ಸೋಸುವುದೇ ನಾನು? ಕೆಳಗೆ ಬಿದ್ದ ಸಕ್ಕರೆಯನ್ನು ನೀರಿನಲ್ಲಿ ಕರಗಿಸಿದಳು. ಸಕ್ಕರೆ ಕರಗುತ್ತದೆ, ಕಲ್ಲು ಕರಗುವುದಿಲ್ಲ.

ಗಾಜಿನ ಪಾತ್ರೆಯ ತಳದಲ್ಲಿ ಎರಡು ಕೆಂಪು ಹರಳು ಉಳಿದಿದ್ದವು.

ಮುದುಕನ ಕೈ ನಡುಗಿದ ಆ ಸಂದಿ ಆಗ ನನಗೆ ನೆನಪಾಯಿತು. ಎರಡು ವರ್ಷ ಗ್ರಾನೈಟ್ ಹರಳುಗಳು ಅಲ್ಲಿ ಬೆಚ್ಚಗೆ ಕೂತಿದ್ದವು. ತಮ್ಮ ತಟ್ಟೆಯಲ್ಲಿ ಹೆಗ್ಗಣ ಬಿದ್ದಿದ್ದರೂ ಪಕ್ಕದವರ ತಟ್ಟೆಯ ನೊಣ ತೋರಿಸುತ್ತಾರೆ ಎನ್ನುತ್ತಾರಲ್ಲ, ಅದು ನನಗಾಗಿಯೇ ಹುಟ್ಟಿದ ಗಾದೆ. ನಾಚಿಕೆಯಿಂದ ನನ್ನ ಹಿತ್ತಾಳೆ ಬಿಸಿಯಾಯಿತು.

ಈಗ ಎಲ್ಲರ ಕಣ್ಣು ಮಕ್ತುಂಸಾಬನ ಕಡೆ ತಿರುಗಿತು. ‘ತೊಳದಾವ್ರು ನೀವ ಅಲ್ಲೇನು? ಬೆಳಕಿಗೆ ಹಿಡದು ನೋಡಿದ್ರಿಲ್ಲೋ?’ ಎಂದರು ಮೇಡಮ್.

ಆತ ಕೈಯಲ್ಲಿದ್ದ ಬ್ರಷ್ಷನ್ನು ಮೇಜಿನ ಮೇಲಿಟ್ಟ. ‘ಹಿಡದಿದ್ನಿರಿ. ಆದ್ರ ನನಗ ಕಂಡಿಲ್ಲ. ಒಂದೂವರಿ ವರ್ಷಾತು, ಎರಡೂ ಕಣ್ಣಾಗ ಪೊರಿ ಬಂದೈತಿ, ಮಂಜ ಮಂಜ ಕಾಣತೈತಿ. ಹೇಳಿದ್ರ ಜರಡಿ ಮುಟ್ಟಗೊಡೂದಿಲ್ಲಂತ ಹೆದರಿ ಸುಮ್ಕಿದ್ದೆ. ನೀವೂ ಯಾರೂ ತಿರುಗಿ ನೋಡ್ಲಿಲ್ರಿ.’

ದಾಕ್ಷಾಯಿಣಿ ಮೆಲ್ಲಗೆ, ‘ನಾನೂ ನೋಡಿಲ್ಲ ಕಾಕಾ. ನೀವು ಸಾಫ್ ಅಂದಿರಿ, ನಾ ಪುಡಿ ಸುರದೆ’ ಎಂದಳು. ಯಾರನ್ನೂ ನಂಬದ ಮನುಷ್ಯನನ್ನು ಎಲ್ಲರೂ ಕಣ್ಣು ಮುಚ್ಚಿ ನಂಬಿದ್ದರು, ನಾನು ನನ್ನನ್ನೇ ನಂಬಿದ ಹಾಗೆಯೇ.

ಮೇಡಮ್ ತಾವೇ ಫೋನ್ ಮಾಡಿ ಸೋಮವಾರದ ಭಾಷಣ ರದ್ದು ಮಾಡಿದರು. ದಾಕ್ಷಾಯಿಣಿ ಮತ್ತೆ ಗುಡ್ಡಕ್ಕೆ ಹೋಗಿ ಚೀಲ ತುಂಬ ಬೂದಿಗಲ್ಲು ತಂದಳು. ಹೊಸ ಜರಡಿ ಬಂತು. ಈ ಸಲ ಹದಿನಾಲ್ಕು ಹರಳು ಸಿಕ್ಕವು, ಹದಿನಾಲ್ಕೂ ನೂರ ಇಪ್ಪತ್ತು ಕೋಟಿ ಎಂದವು. ಎಲ್ಲಕ್ಕಿಂತ ಹಳೆಯ ಜೀವ ಎಂಬ ಹೆಸರು ಆಕೆಯ ಕೈತಪ್ಪಿತು. ಪದವಿ ಒಂದು ವರ್ಷ ತಡವಾಗಿ ಬಂತು. ಹೊಸ ಉತ್ತರ ಬಂದ ದಿನ ಆಕೆ ಅತ್ತಳು, ನಾನು ನೋಡಿದ್ದೇನೆ. ಆದರೆ ತಾನು ಬರೆದ ಸಂಖ್ಯೆಯನ್ನು ಯಾರು ಬೇಕಾದರೂ ಬಂದು ಜರಡಿ ಹಿಡಿಯಲಿ ಎನ್ನುವ ಧೈರ್ಯ ಆಕೆಗೆ ಬಂದಿತ್ತು.

ನನ್ನ ಅಂಚಿಗೆ ಕೆಂಪು ಬಣ್ಣ ಬಳಿದು ಕಿಟಕಿಯ ಪಕ್ಕದ ಮೊಳೆಗೆ ತೂಗುಹಾಕಿದರು. ಬಳಸಬಾರದು ಎಂದು ಅದರ ಅರ್ಥ.

ಮಕ್ತುಂಸಾಬ ಪೊರೆ ತೆಗೆಸಿಕೊಂಡು, ಕಪ್ಪು ಕನ್ನಡಕ ಹಾಕಿಕೊಂಡು ಬಂದ. ನಿವೃತ್ತಿಗೆ ಎರಡು ತಿಂಗಳಿತ್ತು. ಬಂದವನೇ ನನ್ನನ್ನು ಮೊಳೆಯಿಂದ ಇಳಿಸಿ, ಕನ್ನಡಕ ತೆಗೆದು, ಬೆಳಕಿಗೆ ಹಿಡಿದ. ಆತ ಕಣ್ಣುಗಳನ್ನು ಬಿಟ್ಟು ಅಂಚಿನ ಉದ್ದಕ್ಕೂ ನಿಧಾನವಾಗಿ ನೋಡಿದ.

‘ತಂಗಿ, ಇನ್ನೂ ಒಂದು ಕುಂತೈತಿ ನೋಡ’ ಎಂದ.

ದಾಕ್ಷಾಯಿಣಿ ಸೂಜಿ ತಂದಳು. ಆತ ತಡೆದ. ‘ತೆಗೀಬ್ಯಾಡ. ಮುಂದ ಬರಾವ್ರಿಗೆ ಬೇಕಾಗತೈತಿ.’

ಈಗ ಆಕೆ ಅದೇ ವಿಭಾಗದಲ್ಲಿ ಪಾಠ ಹೇಳುತ್ತಾಳೆ. ಪ್ರತಿ ವರ್ಷ ಹೊಸಬರ ಕೈಗೆ ಮೊದಲು ನನ್ನನ್ನೇ ಕೊಟ್ಟು, ಕಿಟಕಿಗೆ ಹಿಡಿದು ನೋಡಿ ಎನ್ನುತ್ತಾಳೆ. ಹೆಚ್ಚಿನವರು ಕಣ್ಣಷ್ಟೇ ನೋಡಿ, ‘ಸಾಫ್ ಐತ್ರಿ ಮೇಡಮ್’ ಎಂದು ಇಳಿಸುತ್ತಾರೆ. ಆಕೆ ನಗದೆ, ಮತ್ತೊಮ್ಮೆ ನೋಡಿ ಎನ್ನುತ್ತಾಳೆ. ಒಂದು ಕಾಲದಲ್ಲಿ ನನ್ನನ್ನು ಯಾರಾದರೂ ಸಂಶಯದಿಂದ ನೋಡಿದರೆ ಮೈ ಉರಿಯುತ್ತಿತ್ತು. ಈಗ ಆ ಮಕ್ಕಳ ಕೈಯಲ್ಲಿ ಬೆಳಕಿಗೆ ಎದುರಾಗಿ ನಿಂತು, ನನ್ನ ತಪ್ಪು ಇವರಿಗೆ ಕಾಣಲಿ ಎಂದು ಕಾಯುತ್ತೇನೆ.